ಕಾಣೆಯಾದ ಸೊನ್ನೆ: ಸ್ಪಿನ್ 1 ಇರುವ ಫೋಟಾನ್‌ಗೆ ಎರಡೇ ಸ್ಥಿತಿ ಏಕೆ?

ಪ್ರಶ್ನೆ: ಸ್ಪಿನ್ (ಕಣದ ಸ್ವಂತ ಕೋನೀಯ ಸಂವೇಗ) 1 ಇರುವ ಕಣಕ್ಕೆ +1, 0, −1 ಎಂಬ ಮೂರು ಸ್ಥಿತಿಗಳಿರುತ್ತವೆ ಎಂದು ಓದಿದ್ದೇನೆ. ಫೋಟಾನ್‌ನ ಸ್ಪಿನ್ ಕೂಡ 1. ಆದರೆ ಅದಕ್ಕೆ +1 ಮತ್ತು −1 ಮಾತ್ರ ಇವೆ, ಅವೇ ಎರಡು ವೃತ್ತೀಯ ಧ್ರುವೀಕರಣಗಳು ಎನ್ನುತ್ತಾರೆ. ಹಾಗಾದರೆ ರೇಖೀಯವಾಗಿ ಧ್ರುವೀಕೃತವಾದ ಬೆಳಕು ಏನು? ಅದು ಎಡಕ್ಕೂ ಸುತ್ತುವುದಿಲ್ಲ, ಬಲಕ್ಕೂ ಸುತ್ತುವುದಿಲ್ಲ. ಅದರ ಸ್ಪಿನ್ ಸೊನ್ನೆ ಎಂದಾಯಿತಲ್ಲ? ಕಾಣೆಯಾಗಿದೆ ಎನ್ನುವ ‘0’ ಸ್ಥಿತಿ ಅದೇ ಅಲ್ಲವೆ?

ಉತ್ತರ: ಅಲ್ಲ. ಆದರೆ ಹಾಗೆ ಅಂದುಕೊಂಡಿದ್ದಕ್ಕೆ ನಾಚಿಕೊಳ್ಳಬೇಕಾಗಿಲ್ಲ. ಎಂ.ಎಸ್ಸಿ. ಮೌಖಿಕ ಪರೀಕ್ಷೆಯಲ್ಲಿ ನಾನು ಇದೇ ಉತ್ತರವನ್ನು ಬಹಳ ಧೈರ್ಯವಾಗಿ ಹೇಳಿದ್ದೆ. ಪರೀಕ್ಷಕರು ಏನೂ ಮಾತಾಡದೆ ಸಣ್ಣಗೆ ನಕ್ಕು ಮುಂದಿನ ಪ್ರಶ್ನೆಗೆ ಹೋದರು. ಆ ನಗೆಯ ಅರ್ಥ ನನಗೆ ಹೊಳೆದದ್ದು ತೀರಾ ತಡವಾಗಿ.

ನಿಮ್ಮ ಪ್ರಶ್ನೆಯಲ್ಲಿ ಎರಡು ಸೊನ್ನೆಗಳು ಒಂದರೊಳಗೊಂದು ಸೇರಿಕೊಂಡಿವೆ. ರೇಖೀಯ ಧ್ರುವೀಕರಣದ ಬೆಳಕಿನ ಸ್ಪಿನ್ ಸೊನ್ನೆ ಎಂಬ ಮಾತು ಸರಾಸರಿಯ ಬಗ್ಗೆ ಹೇಳಿದ್ದು. ಕಾಣೆಯಾದ ಸೊನ್ನೆ ಎಂಬುದು ಒಂದೊಂದು ಅಳತೆಯಲ್ಲೂ ಸಿಗಬಹುದಾಗಿದ್ದ, ಆದರೆ ಸಿಗದ, ಒಂದು ಬೆಲೆ. ದಾಳ ಹಾಕುತ್ತ ಹೋದರೆ ಸರಾಸರಿ 3.5 ಬರುತ್ತದೆ, ಹಾಗೆಂದು ಮೂರೂವರೆ ಚುಕ್ಕಿಯ ಮುಖ ದಾಳಕ್ಕಿಲ್ಲ.

ಒಂದೊಂದೇ ಫೋಟಾನ್ ಹಿಡಿದು ಅಳೆದರೆ ಇದು ಸ್ಪಷ್ಟವಾಗುತ್ತದೆ. ಒಂದು ಕಾಲು ಅಲೆ ಫಲಕ ತೆಗೆದುಕೊಳ್ಳಿ. ಅದು ಬಲಮುರಿ (ಬಲಕ್ಕೆ ಸುತ್ತುವ ವೃತ್ತೀಯ) ಬೆಳಕನ್ನು ಒಂದು ದಿಕ್ಕಿನ ರೇಖೀಯ ಬೆಳಕಾಗಿಯೂ ಎಡಮುರಿ ಬೆಳಕನ್ನು ಅದಕ್ಕೆ ಲಂಬವಾದ ರೇಖೀಯ ಬೆಳಕಾಗಿಯೂ ಬದಲಿಸುತ್ತದೆ. ಅದರ ಹಿಂದೆ ಕ್ಯಾಲ್ಸೈಟ್ ಹರಳಿಟ್ಟರೆ ಈ ಎರಡೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ದಾರಿಗೊಂದರಂತೆ ಎರಡು ಪತ್ತೆಕಾರಕಗಳನ್ನಿಡಿ. ಇದು ಸ್ಪಿನ್ ಅಳೆಯುವ ಸಾಧನ: ಒಂದು ಸದ್ದು ಮಾಡಿದರೆ +1, ಇನ್ನೊಂದು ಸದ್ದು ಮಾಡಿದರೆ −1. ಈಗ ರೇಖೀಯವಾಗಿ ಧ್ರುವೀಕೃತವಾದ ಫೋಟಾನ್‌ಗಳನ್ನು ಒಂದೊಂದಾಗಿ ಬಿಡಿ. ಪ್ರತಿ ಸಲವೂ ಎರಡರಲ್ಲಿ ಯಾವುದೋ ಒಂದು ಸದ್ದು ಮಾಡುತ್ತದೆ. ಅರ್ಧದಷ್ಟು ಸಲ ಅದು, ಅರ್ಧದಷ್ಟು ಸಲ ಇದು. ‘ಸೊನ್ನೆ’ ಎನ್ನುವ ಮೂರನೇ ದಾರಿಯೇ ಅಲ್ಲಿಲ್ಲ. ರೇಖೀಯ ಧ್ರುವೀಕರಣದ ಕೋನ ಏನೇ ಇರಲಿ, ಅರ್ಧ-ಅರ್ಧದ ಲೆಕ್ಕ ಬದಲಾಗುವುದಿಲ್ಲ.

ಹಾಗಾದರೆ ರೇಖೀಯ ಬೆಳಕೆಂದರೆ ಅರ್ಧ ಬಲಮುರಿ ಫೋಟಾನ್‌ಗಳು, ಅರ್ಧ ಎಡಮುರಿ ಫೋಟಾನ್‌ಗಳು ಬೆರೆತ ರಾಶಿಯೇ ಎಂದು ಕೇಳಬಹುದು. ಅದೂ ಅಲ್ಲ. ಅಂಥ ರಾಶಿಗೆ ಬೇರೆಯೇ ಹೆಸರಿದೆ: ಧ್ರುವೀಕರಿಸದ ಬೆಳಕು. ನಮ್ಮ ಸ್ಪಿನ್ ಸಾಧನಕ್ಕೆ ಎರಡರ ನಡುವೆ ವ್ಯತ್ಯಾಸವೇ ತಿಳಿಯುವುದಿಲ್ಲ, ಎರಡಕ್ಕೂ ಅದು ಅರ್ಧ-ಅರ್ಧ ಎಂದೇ ಹೇಳುತ್ತದೆ. ಸಾಧನ ತೆಗೆದು ಅಲ್ಲಿ ಸಾಮಾನ್ಯ ಪೋಲರಾಯ್ಡ್ ಹಾಳೆ ಇಟ್ಟು ತಿರುಗಿಸಿ. ಧ್ರುವೀಕರಿಸದ ಬೆಳಕು ಯಾವ ಕೋನದಲ್ಲಿಟ್ಟರೂ ಅರ್ಧದಷ್ಟೇ ದಾಟುತ್ತದೆ. ರೇಖೀಯ ಬೆಳಕು ಒಂದು ಕೋನದಲ್ಲಿ ಪೂರ್ತಿ ದಾಟುತ್ತದೆ, ಅಲ್ಲಿಂದ 90 ಡಿಗ್ರಿ ತಿರುಗಿಸಿದರೆ ಪೂರ್ತಿ ನಿಲ್ಲುತ್ತದೆ. ರೇಖೀಯ ಫೋಟಾನ್ ಒಂದೊಂದರಲ್ಲೂ +1 ಮತ್ತು −1 ಎರಡೂ ಒಟ್ಟಿಗಿವೆ, ಅವುಗಳ ನಡುವೆ ಹಂತದ ಒಂದು ನಿಶ್ಚಿತ ಸಂಬಂಧವೂ ಇದೆ (ಹಂತ ಎಂದರೆ ಅಲೆ ತನ್ನ ಏರಿಳಿತದ ಸುತ್ತಿನಲ್ಲಿ ಎಲ್ಲಿದೆ ಎಂಬುದು). ಇದನ್ನೇ ಅಧ್ಯಾರೋಪಣ ಎನ್ನುವುದು. ರಾಶಿಯಲ್ಲಿ ಆ ಸಂಬಂಧ ಇರುವುದಿಲ್ಲ. ನನ್ನ ಮಟ್ಟಿಗೆ ಈ ವಿಷಯದ ತಿರುಳೆಲ್ಲ ಆ ‘ಹಂತದ ಸಂಬಂಧ’ ಎಂಬ ಮಾತಿನಲ್ಲಿದೆ, ಉಳಿದದ್ದು ವಿವರ.

ಆ ಸಂಬಂಧ ಮಾಡುವ ಕೆಲಸವೆಂದರೆ ರೇಖೆಯ ದಿಕ್ಕನ್ನು ನಿರ್ಧರಿಸುವುದು. ಬಲಮುರಿ ಮತ್ತು ಎಡಮುರಿಗಳನ್ನು ಸಮವಾಗಿ ಸೇರಿಸಿ, ನಡುವಿನ ಹಂತ ಸೊನ್ನೆಯಾದರೆ ಸಮತಲ ಧ್ರುವೀಕರಣ, 180 ಡಿಗ್ರಿಯಾದರೆ ಲಂಬ ಧ್ರುವೀಕರಣ, 90 ಆದರೆ ಇವೆರಡರ ನಡುವಿನ 45 ಡಿಗ್ರಿಯ ಓರೆ. ಹಂತ ಎಷ್ಟು ಬದಲಾಯಿತೋ ರೇಖೆ ಅದರ ಅರ್ಧದಷ್ಟು ತಿರುಗುತ್ತದೆ.

ಈ ‘ಅರ್ಧ’ವನ್ನು ಹಿಡಿದು ಸ್ವಲ್ಪ ಜಗ್ಗೋಣ. ಸ್ಪಿನ್ 1 ಎಂಬುದರಲ್ಲಿನ ‘1’ ಅಡಗಿ ಕೂತಿರುವುದೇ ಇಲ್ಲಿ. ಕ್ವಾಂಟಂ ಸಿದ್ಧಾಂತದಲ್ಲಿ ಕೋನೀಯ ಸಂವೇಗ ಎಂದರೆ, ಅಕ್ಷದ ಸುತ್ತ ವಸ್ತುವನ್ನು ತಿರುಗಿಸಿದಾಗ ಅದರ ಹಂತ ಎಷ್ಟು ವೇಗವಾಗಿ ಓಡುತ್ತದೆ ಎಂಬುದು. ಗಿರಕಿ ಹೊಡೆಯುವ ಗೋಲಿಯ ಚಿತ್ರವನ್ನು ಮರೆತುಬಿಡಿ. ಅದು ಎಲೆಕ್ಟ್ರಾನ್‌ಗೇ ಹೊಂದುವುದಿಲ್ಲ, ಇನ್ನು ಫೋಟಾನ್‌ಗೆ ಎಲ್ಲಿಂದ? ಸ್ಪಿನ್ +1 ಇರುವ ಸ್ಥಿತಿಯನ್ನು ಬೆಳಕು ಸಾಗುವ ದಿಕ್ಕಿನ ಸುತ್ತ 30 ಡಿಗ್ರಿ ತಿರುಗಿಸಿದರೆ ಹಂತ 30 ಡಿಗ್ರಿ ಒಂದು ಕಡೆಗೆ ಸರಿಯುತ್ತದೆ, −1 ಇದ್ದರೆ 30 ಡಿಗ್ರಿ ಇನ್ನೊಂದು ಕಡೆಗೆ. ಎರಡರ ನಡುವಿನ ಅಂತರ 60. ರೇಖೀಯ ಬೆಳಕನ್ನು 90 ಡಿಗ್ರಿ ತಿರುಗಿಸಿದರೆ ಅಂತರ 180, ಅಂದರೆ ಸಮತಲ ಇದ್ದದ್ದು ಲಂಬವಾಯಿತು, ಪೂರ್ತಿ ವಿರುದ್ಧ ಸ್ಥಿತಿಗೆ ಹೋಯಿತು. 180 ತಿರುಗಿಸಿದರೆ ಅಂತರ 360, ಮತ್ತೆ ಮೊದಲಿದ್ದ ಸ್ಥಿತಿಯೇ.

ಅಡ್ಡಡ್ಡ ಇಟ್ಟ ಎರಡು ಪೋಲರಾಯ್ಡ್ ಹಾಳೆಗಳು 90 ಡಿಗ್ರಿಯಲ್ಲಿ ಕತ್ತಲೆ ಮಾಡುತ್ತವಲ್ಲ, ಆ 90 ಬಂದದ್ದು ಫೋಟಾನ್‌ನ ಸ್ಪಿನ್ 1 ಆಗಿರುವುದರಿಂದ. ಎಲೆಕ್ಟ್ರಾನ್‌ನ ಸ್ಪಿನ್ ಅರ್ಧ, ಅದಕ್ಕೆ ಇದೇ ಕೋನ 180. ಗುರುತ್ವ ಅಲೆಗಳಿಗೆ ಸ್ಪಿನ್ 2, ಅಲ್ಲಿ ಎರಡು ಧ್ರುವೀಕರಣಗಳ ನಡುವಿನ ಕೋನ 45 ಡಿಗ್ರಿ. ಒಂದರ ಆಕಾರ ಕೂಡಿಸುವ ಗುರುತಿನಂತೆ, ಇನ್ನೊಂದರದು ಗುಣಿಸುವ ಗುರುತಿನಂತೆ. ಮೇಜಿನ ಮೇಲೆ ಎರಡು ಪ್ಲಾಸ್ಟಿಕ್ ಹಾಳೆ ತಿರುಗಿಸುತ್ತ ಕಣದ ಸ್ಪಿನ್ ಓದಬಹುದು ಎಂಬುದು ನನಗೆ ಇವತ್ತಿಗೂ ಸೋಜಿಗ.

ಇನ್ನು ನಿಜವಾದ ಸೊನ್ನೆ ಎಲ್ಲಿ ಹೋಯಿತು? ಸ್ಪಿನ್ 1ಕ್ಕೆ ಮೂರು ಸ್ಥಿತಿ ಎಂಬ ನಿಯಮದ ಹಿಂದೆ ಒಂದು ಷರತ್ತಿದೆ, ಅದನ್ನು ಯಾರೂ ಜೋರಾಗಿ ಹೇಳುವುದಿಲ್ಲ. ಕಣದ ಜೊತೆಜೊತೆಗೇ ಸಾಗುತ್ತ, ಅದು ನಿಂತಂತೆ ಕಾಣುವ ಚೌಕಟ್ಟಿನಲ್ಲಿ ನಿಲ್ಲಲು ನಮಗೆ ಸಾಧ್ಯವಾಗಬೇಕು. ನಿಂತ ಕಣಕ್ಕೆ ಎಲ್ಲ ದಿಕ್ಕುಗಳೂ ಒಂದೇ. ಹಾಗಾಗಿ ಒಂದು ಅಕ್ಷದ ಮೇಲೆ +1 ಇರುವ ಸ್ಥಿತಿಯನ್ನು ಪಕ್ಕಕ್ಕೆ ಹೊರಳಿಸಬಹುದು. ಹೊರಳಿಸಿದರೆ ಅದರಲ್ಲಿ 0 ಮತ್ತು −1 ಬೆರೆಯುತ್ತವೆ. ಮೂರೂ ಒಂದೇ ಮನೆಯವು. ಡಬ್ಲ್ಯೂ ಮತ್ತು ಝಡ್ ಬೋಸಾನ್ ಎಂಬ ಕಣಗಳು ಹೀಗೆ: ಸ್ಪಿನ್ 1, ಸುಮಾರು 80 ಮತ್ತು 91 ಗಿಗಾ ಎಲೆಕ್ಟ್ರಾನ್‌ವೋಲ್ಟ್ ದ್ರವ್ಯರಾಶಿ, ಸರಿಯಾಗಿ ಮೂರು ಸ್ಥಿತಿ.

ಫೋಟಾನ್‌ಗೆ ದ್ರವ್ಯರಾಶಿಯಿಲ್ಲ, ಅದರ ಜೊತೆಗೆ ಓಡಿ ಅದನ್ನು ನಿಲ್ಲಿಸಿ ನೋಡುವ ಚೌಕಟ್ಟೂ ಇಲ್ಲ. ಯಾರು ನೋಡಿದರೂ ಅದು ಯಾವುದೋ ಒಂದು ದಿಕ್ಕಿನಲ್ಲಿ ಬೆಳಕಿನ ವೇಗದಲ್ಲಿ ಹೋಗುತ್ತಲೇ ಇರುತ್ತದೆ. ಆ ದಿಕ್ಕು ಕೆಡದಂತೆ ನಾವು ಮಾಡಬಹುದಾದ ತಿರುಗಣೆ ಆ ದಿಕ್ಕಿನ ಸುತ್ತಲಿನದು ಮಾತ್ರ. ಅದು +1 ಅನ್ನು +1 ಆಗಿಯೇ ಬಿಡುತ್ತದೆ, ಇನ್ನೊಂದಾಗಿ ಹೊರಳಿಸುವುದಿಲ್ಲ. +1 ಇದ್ದ ಮಾತ್ರಕ್ಕೆ 0 ಇರಲೇಬೇಕು ಎಂಬ ಒತ್ತಾಯ ಅಲ್ಲಿಗೆ ಬಿದ್ದುಹೋಗುತ್ತದೆ. −1 ಮಾತ್ರ ಹೇಗೆ ಉಳಿಯಿತು? ವಿದ್ಯುತ್ಕಾಂತೀಯ ನಿಯಮಗಳು ಕನ್ನಡಿಯ ಬಿಂಬದಲ್ಲೂ ಹಾಗೆಯೇ ಇರುವುದರಿಂದ, ಬಲಮುರಿ ಇದ್ದರೆ ಎಡಮುರಿ ಇರಲೇಬೇಕು. ದ್ರವ್ಯರಾಶಿಯಿರುವ ಮತ್ತು ಇಲ್ಲದ ಕಣಗಳ ಈ ವಿಂಗಡಣೆಯನ್ನು 1939ರಲ್ಲಿ ಯೂಜೀನ್ ವಿಗ್ನರ್ ಗಣಿತದಲ್ಲಿ ಕಟ್ಟಿಕೊಟ್ಟರು. ಹಳೆಯ ಭಾಷೆಯಲ್ಲಿ ಹೇಳುವುದಾದರೆ ವಿಷಯ ಇನ್ನೂ ಸರಳ: ಸಾಗುವ ದಿಕ್ಕಿನಲ್ಲೇ ವಿದ್ಯುತ್ ಕ್ಷೇತ್ರ ಹಿಂದೆ ಮುಂದೆ ಕಂಪಿಸಿದ್ದರೆ ಅದು ‘0’ ಸ್ಥಿತಿ ಆಗುತ್ತಿತ್ತು. ಬೆಳಕು ಅಡ್ಡ ಅಲೆ, ನೀಳ ಅಲೆಯಲ್ಲ ಎಂದು 1820ರ ದಶಕದಲ್ಲೇ ಫ್ರೆನೆಲ್ ಹೇಳಿದ್ದರು. ಕಾಣೆಯಾದ ಸೊನ್ನೆಯೆಂದರೆ ಆ ಇಲ್ಲದ ನೀಳ ಅಲೆ. ರೇಖೀಯ ಧ್ರುವೀಕರಣದಲ್ಲಿ ಕ್ಷೇತ್ರ ಕಂಪಿಸುವುದು ಸಾಗುವ ದಿಕ್ಕಿಗೆ ಅಡ್ಡವಾಗಿ, ಆದ್ದರಿಂದ ಅದು ಆ ಸೊನ್ನೆಯಾಗಲು ಸಾಧ್ಯವೇ ಇಲ್ಲ.

ಸ್ಪೆಕ್ಟ್ರಾಸ್ಕೋಪಿ ಓದಿದವರು ಇಲ್ಲಿ ತಡೆದು ನಿಲ್ಲಿಸುತ್ತಾರೆ. ಪರಮಾಣುವಿನ ಕಾಂತೀಯ ಕ್ವಾಂಟಂ ಸಂಖ್ಯೆ (ಒಂದು ಅಕ್ಷದ ಮೇಲೆ ಅದರ ಕೋನೀಯ ಸಂವೇಗ ಎಷ್ಟು ಎಂಬುದು) ಬದಲಾಗದೆಯೇ ಫೋಟಾನ್ ಹೊರಬರುವುದುಂಟು. ಆಗ ಫೋಟಾನ್ ಸೊನ್ನೆಯನ್ನು ಹೊತ್ತೊಯ್ದ ಹಾಗಾಯಿತಲ್ಲ? ಒಳ್ಳೆಯ ತಡೆ. ಆದರೆ ಆ ಸಂಖ್ಯೆಯನ್ನು ಎಣಿಸುವುದು ಕಾಂತಕ್ಷೇತ್ರದ ದಿಕ್ಕಿನಲ್ಲಿ, ಫೋಟಾನ್ ಸಾಗುವ ದಿಕ್ಕಿನಲ್ಲಲ್ಲ. ಇವೆರಡನ್ನು ಒಂದೇ ಮಾಡಿ ನೋಡಿದರೆ ಏನಾಗುತ್ತದೆ ಎಂಬುದಕ್ಕೆ 1896ರಲ್ಲಿ ಝೀಮನ್ ಕಂಡುಹಿಡಿದ ಪರಿಣಾಮದಲ್ಲೇ (ಕಾಂತಕ್ಷೇತ್ರದಲ್ಲಿ ಬೆಳಕಿನ ರೇಖೆ ಸೀಳುವುದು) ಉತ್ತರವಿದೆ. ಕ್ಯಾಡ್ಮಿಯಂ ದೀಪವನ್ನು ಬಲವಾದ ಕಾಂತದ ನಡುವೆ ಇಟ್ಟು, ಅದರ 643.8 ನ್ಯಾನೊಮೀಟರ್‌ನ ಕೆಂಪು ರೇಖೆಯನ್ನು ಕ್ಷೇತ್ರಕ್ಕೆ ಅಡ್ಡವಾಗಿ ನಿಂತು ನೋಡಿ: ಮೂರು ರೇಖೆಗಳು. ಕಾಂತದ ಧ್ರುವದಲ್ಲಿ ಕೊರೆದ ತೂತಿನ ಮೂಲಕ, ಕ್ಷೇತ್ರದ ನೇರಕ್ಕೇ ನೋಡಿ: ಎರಡೇ. ಒಂದು ಬಲಮುರಿ, ಒಂದು ಎಡಮುರಿ. ನಡುವಿನ ರೇಖೆ ಮಾಯ. ಪರಮಾಣು ಅದನ್ನು ಸೂಸುತ್ತಲೇ ಇದೆ, ಆದರೆ ಕ್ಷೇತ್ರದ ದಿಕ್ಕಿನಲ್ಲಿ ಹೊರಟು ಸೊನ್ನೆ ಹೊತ್ತುಕೊಂಡು ಹೋಗಬಲ್ಲ ಫೋಟಾನ್ ಪ್ರಕೃತಿಯಲ್ಲಿಲ್ಲ, ಹಾಗಾಗಿ ಆ ದಿಕ್ಕಿಗೆ ಅದರ ಬೆಳಕು ಬರುವುದೇ ಇಲ್ಲ. ಪಕ್ಕಕ್ಕೆ ಬಂದಾಗ ಅದು ಕ್ಷೇತ್ರಕ್ಕೆ ಸಮಾಂತರವಾದ ರೇಖೀಯ ಬೆಳಕು. ಅಂದರೆ ತನ್ನ ಸಾಗುವ ದಿಕ್ಕಿನಲ್ಲಿ +1 ಮತ್ತು −1ರ ಅದೇ ಅಧ್ಯಾರೋಪಣ.

ಬಲಮುರಿ-ಎಡಮುರಿ ಬಗ್ಗೆ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ದೃಗ್ವಿಜ್ಞಾನದ ಹಲವು ಪುಸ್ತಕಗಳು ಎದುರಿನಿಂದ ಬರುವ ಬೆಳಕನ್ನು ನೋಡುತ್ತ ಸುತ್ತನ್ನು ಗುರುತಿಸುತ್ತವೆ, ಕಣಭೌತವಿಜ್ಞಾನಿಗಳು ಬೆಳಕಿನ ಹಿಂದೆ ನಿಂತು ಗುರುತಿಸುತ್ತಾರೆ. ಒಬ್ಬರ ಬಲಮುರಿ ಇನ್ನೊಬ್ಬರ ಎಡಮುರಿ. ಎರಡು ಪುಸ್ತಕ ಒಟ್ಟಿಗೆ ಓದಿ ತಲೆ ಕೆಟ್ಟರೆ ತಪ್ಪು ನಿಮ್ಮದಲ್ಲ. ಸಾಗುವ ದಿಕ್ಕಿನಲ್ಲಿ ಸ್ಪಿನ್ ಎಷ್ಟು ಎಂಬ ಲೆಕ್ಕ, ಅಂದರೆ ಹೆಲಿಸಿಟಿ, ಮಾತ್ರ ಎಲ್ಲರಿಗೂ ಒಂದೇ.

ಈ ಸ್ಪಿನ್ ಬರೀ ಕಾಗದದ ಮೇಲಿನ ಸಂಖ್ಯೆಯಲ್ಲ, ವಸ್ತುವನ್ನು ನಿಜವಾಗಿ ತಿರುಗಿಸುತ್ತದೆ. ವೃತ್ತೀಯ ಬೆಳಕಿಗೆ ಕೋನೀಯ ಸಂವೇಗವಿರಬೇಕು ಎಂದು 1909ರಲ್ಲಿ ಪಾಯಿಂಟಿಂಗ್ ಫೋಟಾನ್‌ನ ಹಂಗಿಲ್ಲದೆ ಅಲೆಯ ಲೆಕ್ಕದಿಂದಲೇ ಹೇಳಿದ್ದರು. 1936ರಲ್ಲಿ ರಿಚರ್ಡ್ ಬೆತ್ ಅದನ್ನು ಅಳೆದು ತೋರಿಸಿದರು. ತೆಳುವಾದ ಸ್ಫಟಿಕದ ಎಳೆಗೆ ಅರ್ಧ ಅಲೆ ಫಲಕವೊಂದನ್ನು ತೂಗುಬಿಟ್ಟು, ಅದರ ಮೂಲಕ ವೃತ್ತೀಯ ಬೆಳಕು ಹಾಯಿಸಿದರು. ಅರ್ಧ ಅಲೆ ಫಲಕ ಬಲಮುರಿಯನ್ನು ಎಡಮುರಿ ಮಾಡುತ್ತದೆ, +1 ಇದ್ದದ್ದು −1 ಆಗುತ್ತದೆ, ವ್ಯತ್ಯಾಸದ 2 ಎಚ್-ಬಾರ್ (ಸ್ಪಿನ್ ಅಳೆಯುವ ಮೂಲಮಾನ) ಫಲಕಕ್ಕೆ ಸಿಗುತ್ತದೆ. ಮೇಲೆ ಕನ್ನಡಿಯ ಜೊತೆ ಕಾಲು ಅಲೆ ಫಲಕ ಇಟ್ಟು ಬೆಳಕನ್ನು ಹಿಂದಕ್ಕೆ ಕಳಿಸಿ, ಅದೇ ಫಲಕಕ್ಕೆ ಅದೇ ಕಡೆಗೆ ಇನ್ನೊಂದು ತಿರುವು ಕೊಡಿಸಿದರು. ಪರಿಣಾಮ ಎಷ್ಟು ಸಣ್ಣದೆಂದರೆ, 633 ನ್ಯಾನೊಮೀಟರ್‌ನ 1 ಮಿಲಿವ್ಯಾಟ್ ಲೇಸರ್‌ನಿಂದ ಸೆಕೆಂಡಿಗೆ ಸುಮಾರು 3.2 × 10¹⁵ ಫೋಟಾನ್‌ಗಳು ಹೊರಟು, ಎಲ್ಲವೂ ಒಂದೇ ಕಡೆ ಸುತ್ತುತ್ತ ಒಂದು ಕಪ್ಪು ಬಿಲ್ಲೆಯಲ್ಲಿ ಹೀರಿಕೊಂಡರೂ ಸಿಗುವ ಟಾರ್ಕ್ (ತಿರುಗಿಸುವ ಒತ್ತು) 3.4 × 10⁻¹⁹ ನ್ಯೂಟನ್-ಮೀಟರ್ ಅಷ್ಟೇ.

ಈಗ ಅದೇ ಕಪ್ಪು ಬಿಲ್ಲೆಗೆ ರೇಖೀಯ ಬೆಳಕು ಬಿಡಿ. ಸ್ಪಿನ್ ನಿಜವಾಗಿಯೂ ಸೊನ್ನೆಯಿದ್ದಿದ್ದರೆ ಬೆಳಕಿನ ಸ್ಪಿನ್‌ನಿಂದ ಬಿಲ್ಲೆಗೆ ಏನೂ ಆಗಬಾರದು. ಆದರೆ ಹೀರಿದ ಪ್ರತಿ ಫೋಟಾನ್ +1 ಅಥವಾ −1ರ ಒಂದು ತಳ್ಳು ಕೊಡುತ್ತದೆ, ಯಾವ ಕಡೆಗೆ ಎಂಬುದು ಆಕಸ್ಮಿಕ. ಸರಾಸರಿ ಸೊನ್ನೆ, ಆದರೆ ತೂರಾಟ ಸೊನ್ನೆಯಲ್ಲ. ಅದು ಫೋಟಾನ್ ಸಂಖ್ಯೆಯ ವರ್ಗಮೂಲದಂತೆ ಬೆಳೆಯುತ್ತದೆ. ಮೇಲಿನ ಲೇಸರ್‌ಗೆ ಒಂದು ಸೆಕೆಂಡಿನಲ್ಲಿ ಸುಮಾರು 5.6 ಕೋಟಿ ಎಚ್-ಬಾರ್. ಸರಾಸರಿಯ ಸೊನ್ನೆಗೂ ಬೆಲೆಯ ಸೊನ್ನೆಗೂ ಇರುವ ಅಂತರ ಅಷ್ಟು.

ಬೆತ್ ಪ್ರಯೋಗ ಓದಿದ ಮೇಲೆ ನನ್ನನ್ನು ಬಹುಕಾಲ ಕಾಡಿದ ಒಂದು ಅನುಮಾನವಿದೆ. ರೇಖೀಯ ಫೋಟಾನ್ ಅರ್ಧ ಅಲೆ ಫಲಕದ ಮೂಲಕ ಹೋದಾಗ ಅದರ +1 ಭಾಗ ಫಲಕವನ್ನು ಒಂದು ಕಡೆಗೆ ತಳ್ಳುತ್ತದೆ, −1 ಭಾಗ ಇನ್ನೊಂದು ಕಡೆಗೆ. ಹಾಗಾದರೆ ಫಲಕದ ಅಲುಗಾಟ ನೋಡಿ ಫೋಟಾನ್ ಯಾವುದೆಂದು ತಿಳಿದುಬಿಡಬಹುದಲ್ಲ? ತಿಳಿದರೆ ಅಧ್ಯಾರೋಪಣ ಮುರಿಯಬೇಕು, ರೇಖೀಯ ಬೆಳಕು ಧ್ರುವೀಕರಿಸದ ಬೆಳಕಾಗಿ ಹೊರಬರಬೇಕು. ಆದರೆ ಪ್ರಯೋಗಶಾಲೆಯಲ್ಲಿ ದಿನವೂ ಅರ್ಧ ಅಲೆ ಫಲಕದಿಂದ ರೇಖೆಯ ದಿಕ್ಕು ತಿರುಗಿಸುತ್ತೇವೆ, ಅದು ಚೊಕ್ಕ ರೇಖೀಯವಾಗಿಯೇ ಹೊರಬರುತ್ತದೆ. ಇದಕ್ಕೆ ಸಮಾಧಾನ ಅನಿಶ್ಚಿತತೆಯ ತತ್ವದಲ್ಲಿದೆ. ಫಲಕ ಕೆಲಸ ಮಾಡಬೇಕಾದರೆ ಅದರ ಅಕ್ಷ ಒಂದು ಗೊತ್ತಾದ ಕೋನದಲ್ಲಿ ನಿಂತಿರಬೇಕು. ಕೋನ ಅಷ್ಟು ಖಚಿತವಾಗಿದ್ದರೆ ಕೋನೀಯ ಸಂವೇಗ 2 ಎಚ್-ಬಾರ್‌ಗಿಂತ ಎಷ್ಟೋ ಪಾಲು ಹೆಚ್ಚು ಅನಿಶ್ಚಿತವಾಗಿರುತ್ತದೆ. ಒಂದು ಫೋಟಾನ್ ಕೊಟ್ಟ ತಳ್ಳು ಅದರೊಳಗೆ ಕರಗಿಹೋಗುತ್ತದೆ, ಫಲಕಕ್ಕೆ ಅದರ ನೆನಪೇ ಉಳಿಯುವುದಿಲ್ಲ.

ಎರಡೇ ಸ್ಥಿತಿ ಎಂಬ ಲೆಕ್ಕ ಹಳೆಯದು. 1924ರಲ್ಲಿ ಸತ್ಯೇಂದ್ರನಾಥ ಬೋಸ್ ಬಿಸಿ ವಸ್ತುವಿನ ವಿಕಿರಣದ ಲೆಕ್ಕ ಹೇಳುವ ಪ್ಲಾಂಕ್ ನಿಯಮವನ್ನು ಹೊಸ ರೀತಿಯಲ್ಲಿ ಸಾಧಿಸಿದಾಗ, ಫೋಟಾನ್ ಇರಬಹುದಾದ ಕೋಶಗಳ ಸಂಖ್ಯೆಯನ್ನು ಧ್ರುವೀಕರಣಕ್ಕಾಗಿ 2ರಿಂದ ಗುಣಿಸಬೇಕಾಯಿತು. 3ರಿಂದ ಗುಣಿಸಿದ್ದರೆ ಬಿಸಿ ಕುಲುಮೆಯ ವಿಕಿರಣ ಅಳತೆಗಿಂತ ಒಂದೂವರೆ ಪಟ್ಟು ಬರುತ್ತಿತ್ತು. 1931ರಲ್ಲಿ ರಾಮನ್ ಮತ್ತು ಭಗವಂತಂ ಅನಿಲಗಳಲ್ಲಿ ಚದುರಿದ ಬೆಳಕಿನ ಧ್ರುವೀಕರಣ ಎಷ್ಟು ಕೆಡುತ್ತದೆ ಎಂದು ಅಳೆದು, ಫೋಟಾನ್‌ಗೆ ಸ್ಪಿನ್ ಇರುವುದಕ್ಕೆ ಪ್ರಾಯೋಗಿಕ ಪುರಾವೆ ಎಂದು ಪ್ರಕಟಿಸಿದರು. ಅದು ಬೆತ್ ಅಳತೆಗಿಂತ ಐದು ವರ್ಷ ಮೊದಲು.

ಎರಡು ಸ್ಥಿತಿ ಇರುವುದರಿಂದ ಫೋಟಾನ್‌ನ ಧ್ರುವೀಕರಣವನ್ನು ಎಲೆಕ್ಟ್ರಾನ್‌ನ ಸ್ಪಿನ್‌ನಂತೆಯೇ ಒಂದು ಗೋಲದ ಮೇಲೆ ಬರೆಯಬಹುದು. ಧ್ರುವಗಳಲ್ಲಿ ಎರಡು ವೃತ್ತೀಯ ಸ್ಥಿತಿಗಳು, ಸಮಭಾಜಕದ ಸುತ್ತ ಎಲ್ಲ ರೇಖೀಯ ಸ್ಥಿತಿಗಳು. ಇದು ಪ್ವಾಂಕರೆ ಗೋಲ. ಬಲು ಉಪಯುಕ್ತ, ಆದರೆ ನಿಮ್ಮ ಗೊಂದಲಕ್ಕೆ ಅರ್ಧ ಕಾರಣ ಇದೇ ಇರಬಹುದು. ಎಲೆಕ್ಟ್ರಾನ್‌ನ ಗೋಲದಲ್ಲಿ ಮೂರು ಅಕ್ಷಗಳೂ ನಿಜವಾದ ಆಕಾಶದ ಮೂರು ದಿಕ್ಕುಗಳಲ್ಲಿನ ಸ್ಪಿನ್. ಫೋಟಾನ್‌ನ ಗೋಲದಲ್ಲಿ ಧ್ರುವದಿಂದ ಧ್ರುವಕ್ಕೆ ಹೋಗುವ ಒಂದೇ ಅಕ್ಷ ಸ್ಪಿನ್. ಉಳಿದೆರಡು ಅಕ್ಷಗಳು ಹೇಳುವುದು ರೇಖೆಯ ದಿಕ್ಕನ್ನು, ಅಲ್ಲಿ ಕೋನೀಯ ಸಂವೇಗವೇ ಇಲ್ಲ. ‘ಸಮತಲ ಧ್ರುವೀಕರಣ ಎಂದರೆ ಪಕ್ಕಕ್ಕೆ ತಿರುಗಿದ ಸ್ಪಿನ್’ ಎಂದು ಯಾರಾದರೂ ಬರೆದಿದ್ದರೆ ಅದನ್ನು ಹೊಡೆದುಹಾಕಿ.

ಹಾಗೆಯೇ, ಮಸೂರದಿಂದ ಬಹಳ ಬಿಗಿಯಾಗಿ ಕೇಂದ್ರೀಕರಿಸಿದ ಬೆಳಕಿನಲ್ಲಿ ಸಾಗುವ ದಿಕ್ಕಿನಲ್ಲೂ ವಿದ್ಯುತ್ ಕ್ಷೇತ್ರ ಕಾಣುತ್ತದೆ. ಅದೂ ಕಾಣೆಯಾದ ಸೊನ್ನೆಯಲ್ಲ. ಅಲ್ಲಿ ಹಲವು ದಿಕ್ಕುಗಳ ಅಲೆಗಳು ಬೆರೆತಿವೆ, ಪ್ರತಿಯೊಂದೂ ತನ್ನ ದಿಕ್ಕಿಗೆ ಅಡ್ಡವಾಗಿಯೇ ಕಂಪಿಸುತ್ತಿದೆ.

ಕೊನೆಗೆ ನನಗೆ ಪ್ರಿಯವಾದ ಸಾಕ್ಷ್ಯ. 1982ರಲ್ಲಿ ಆಲೇನ್ ಆಸ್ಪೆ ತಂಡ ಬಳಸಿದ ಕ್ಯಾಲ್ಸಿಯಂ ಪರಮಾಣು ಎರಡು ಮೆಟ್ಟಿಲಲ್ಲಿ ಇಳಿಯುತ್ತ 551.3 ಮತ್ತು 422.7 ನ್ಯಾನೊಮೀಟರ್‌ನ ಎರಡು ಫೋಟಾನ್ ಸೂಸುತ್ತದೆ. ಪರಮಾಣುವಿನ ಕೋನೀಯ ಸಂವೇಗ ಆರಂಭದಲ್ಲೂ ಸೊನ್ನೆ, ಕೊನೆಯಲ್ಲೂ ಸೊನ್ನೆ. ಹಾಗಾಗಿ ಎದುರುಬದಿರು ಹೊರಟ ಜೋಡಿಯ ಹೆಲಿಸಿಟಿ ಒಂದೇ ಆಗಿರಬೇಕು: ಎರಡೂ ಬಲಮುರಿ ಅಥವಾ ಎರಡೂ ಎಡಮುರಿ. ಈ ಎರಡು ಸಾಧ್ಯತೆಗಳ ಅಧ್ಯಾರೋಪಣವೇ ಆ ಜೋಡಿಯ ಸ್ಥಿತಿ. ಎಲೆಕ್ಟ್ರಾನ್ ಮತ್ತು ಅದರ ಪ್ರತಿಕಣ ಪಾಸಿಟ್ರಾನ್ ಸೇರಿ ಆಗುವ ಪಾಸಿಟ್ರೋನಿಯಂ, ತನ್ನ ಸೊನ್ನೆ ಸ್ಪಿನ್‌ನ ಸ್ಥಿತಿಯಿಂದ ನಶಿಸಿ 511 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನ ಎರಡು ಫೋಟಾನ್ ಕೊಟ್ಟಾಗಲೂ ಇದೇ ಕತೆ, ಇದೇ ಎರಡು ಸಾಧ್ಯತೆ. ನಮ್ಮ ಸ್ಪಿನ್ ಸಾಧನದ ಮುಂದೆ ಎರಡು ಜೋಡಿಗಳೂ ತದ್ರೂಪು.

ಆದರೆ ಎರಡೂ ಕಡೆ ರೇಖೀಯ ಧ್ರುವೀಕರಣ ಅಳೆದರೆ, ಕ್ಯಾಲ್ಸಿಯಂ ಜೋಡಿ ಒಂದಕ್ಕೊಂದು ಸಮಾಂತರವಾಗಿರುತ್ತದೆ, ಪಾಸಿಟ್ರೋನಿಯಂ ಜೋಡಿ ಒಂದಕ್ಕೊಂದು ಲಂಬವಾಗಿರುತ್ತದೆ. 1950ರಲ್ಲಿ ವೂ ಮತ್ತು ಶಕ್ನೋವ್ ಎರಡನೆಯದನ್ನು ಅಳೆದರು: ಪತ್ತೆಕಾರಕಗಳನ್ನು ಲಂಬವಾಗಿಟ್ಟಾಗ ಮತ್ತು ಸಮಾಂತರವಾಗಿಟ್ಟಾಗ ಬಂದ ಎಣಿಕೆಗಳ ಅನುಪಾತ 2.04, ಅವರ ಉಪಕರಣಕ್ಕೆ ಸಿದ್ಧಾಂತ ಹೇಳಿದ್ದು 2.00. ಕ್ಯಾಲ್ಸಿಯಂಗೂ ಪಾಸಿಟ್ರೋನಿಯಂಗೂ ಇಷ್ಟು ವ್ಯತ್ಯಾಸ ತಂದದ್ದು ಬೇರೇನೂ ಅಲ್ಲ, ಎರಡು ಸಾಧ್ಯತೆಗಳ ನಡುವಿನ ಚಿಹ್ನೆ. ಒಂದರಲ್ಲಿ ಅವು ಕೂಡಿವೆ, ಇನ್ನೊಂದರಲ್ಲಿ ಕಳೆದಿವೆ. ರೇಖೀಯ ಫೋಟಾನ್ ಸ್ಪಿನ್ ಸೊನ್ನೆಯ ಬೇರೊಂದು ಸ್ಥಿತಿಯಾಗಿದ್ದಿದ್ದರೆ, ಈ ಕೂಡು-ಕಳೆಯ ಚಿಹ್ನೆಗೆ ಅಲ್ಲಿ ಮಾಡಲು ಕೆಲಸವೇ ಇರುತ್ತಿರಲಿಲ್ಲ.